ಮುಳ್ಳಿನ ಮೊನೆ ಬಂದಿತ್ತೇ? ಕಪ್ಪತಗುಡ್ಡದ ಬುಡದ ಒಂದು ಪ್ರಕರಣ

ಹಿನ್ನೆಲೆ

ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಬುಡಕ್ಕಿರುವ ಹಳ್ಳಿಯೊಂದರ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರಿನ ಹೆಸರು ಹೇಳುವುದಿಲ್ಲ. ಈ ಪ್ರಕರಣದ ರೋಗಿಯನ್ನು ಬಸಪ್ಪ ಕಾಕಾ ಎಂದೂ ಅವರ ತಾಯಿಯನ್ನು ನೀಲವ್ವಾಯಿ ಎಂದೂ ಕರೆಯುತ್ತೇನೆ. ಎರಡೂ ಅವರ ನಿಜವಾದ ಹೆಸರಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲೇ ಎಂದು ಕೇಳಿದಾಗ ಕಾಕಾ, "ಬರೀರಿ, ನಾಕ ಮಂದಿಗೆ ಗೊತ್ತಾಗ್ಲಿ. ಕಾಲಿನ ಫೋಟೋ ಮಾತ್ರ ಹಾಕಬ್ಯಾಡ್ರಿ" ಅಂದರು.

ನಮ್ಮ ಕಡೆ ಮುಳ್ಳು ಚುಚ್ಚುವುದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬದುವಿನ ಮೇಲೆ ಜಾಲಿ, ಬಣವಿಯ ಸುತ್ತ ಜಾಲಿ ಬೇಲಿ, ಹಳ್ಳದ ದಂಡೆಗೆ ಬಳ್ಳಾರಿ ಜಾಲಿ. ಕುರಿ ಮೇಯಿಸುವವರ ಅಂಗಾಲು ನೋಡಿದರೆ ಹಳೆಯ ಕಪ್ಪು ಚುಕ್ಕೆಗಳು ಎಣಿಸಲಾರದಷ್ಟು ಇರುತ್ತವೆ. ಮುಳ್ಳು ಮುರಿದರೆ ಇನ್ನೊಂದು ಮುಳ್ಳಿನಿಂದ ಬಿಡಿಸಿ ತೆಗೆಯುತ್ತಾರೆ. ಬರದಿದ್ದರೆ ಬೆಲ್ಲ ಸುಣ್ಣ, ಕೀವಾದರೆ ಸುಟ್ಟ ಉಳ್ಳಾಗಡ್ಡಿ, ಗಾಯ ಆರಲು ಅರಿಷಿಣ. ಇಷ್ಟು ಔಷಧ ಎಲ್ಲರ ಅಡುಗೆಮನೆಯಲ್ಲೂ ಇದೆ, ಹತ್ತರಲ್ಲಿ ಎಂಟೊಂಬತ್ತು ಸಲ ಗಾಯ ವಾಸಿಯೂ ಆಗುತ್ತದೆ. ನನ್ನ ಅಜ್ಜಿಯೂ ನನಗೆ ಹೀಗೇ ಮಾಡಿದ್ದಾಳೆ. ಮನೆಮದ್ದು ಮಾಡಿದವರನ್ನು ಬೈದು ಕಳಿಸುವ ಪದ್ಧತಿ ನನ್ನದಲ್ಲ. ಬೈದರೆ ಮುಂದಿನ ಸಲ ಅವರು ಲೇಪವನ್ನು ಮುಚ್ಚಿಟ್ಟುಕೊಂಡು ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ.

ಬಸಪ್ಪ ಕಾಕಾ ಐವತ್ತು ದಾಟಿದ ರೈತರು. ನಾಲ್ಕು ಎಕರೆ ಹೊಲ, ಒಂದಿಷ್ಟು ಕುರಿ. ದುಡಿಯುವ ಮೈ, ಆಸ್ಪತ್ರೆಯ ಮುಖ ಕಂಡವರಲ್ಲ. ಮೂವತ್ತು ದಾಟಿದ ಎಲ್ಲರಿಗೂ ನಾವು ಬಿಪಿ, ಶುಗರ್ ತಪಾಸಣೆ ಮಾಡುತ್ತೇವೆ. ಎರಡು ಸಲ ಅವರ ಮನೆಗೆ ಹೋದಾಗಲೂ ಅವರು ಹೊಲದಲ್ಲಿದ್ದರು. ನನ್ನ ದಾಖಲೆಯಲ್ಲಿ ಅವರ ಹೆಸರಿನ ಮುಂದಿನ ಕಾಲಂ ಖಾಲಿಯೇ ಇತ್ತು.

ಮುಳ್ಳು ಚುಚ್ಚಿದ್ದು ಎಳ್ಳ ಅಮವಾಸ್ಯೆಯ ದಿನ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು. ಚರಗ ಚೆಲ್ಲುವಾಗ, ಅಂದರೆ ಭೂಮಿತಾಯಿಗೆ ಎಡೆ ಎರಚುವಾಗ, ಹೊಲದಲ್ಲಿ ಚಪ್ಪಲಿ ಮೆಟ್ಟುವುದಿಲ್ಲ. ಕಾಕಾ ಬರಿಗಾಲಲ್ಲಿ ಬದು ಹತ್ತಿ ಇಳಿಯುವಾಗ ಬಲಗಾಲ ಹೆಬ್ಬೆರಳಿನ ಬುಡದಲ್ಲಿ, ಅಂಗಾಲು ದಪ್ಪಗಿರುವ ಕಡೆ, ಜಾಲಿ ಮುಳ್ಳು ನೆಟ್ಟಿತು. ಕೂತು ಇನ್ನೊಂದು ಮುಳ್ಳಿನಿಂದ ಬಿಡಿಸಿ ಕಿತ್ತು, ಬದುವಿಗೆ ಒಗೆದು, ಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಹೆಚ್ಚೇನೂ ನೋಯಲಿಲ್ಲವಂತೆ. ಆ ಮಾತಿನ ತೂಕ ನನಗೆ ಗೊತ್ತಾಗಲು ಹತ್ತು ದಿನ ಬೇಕಾಯಿತು.

ಮೂರನೆಯ ದಿನ: ನಾನು ಮಾಡಿದ್ದು, ಬಿಟ್ಟದ್ದು

ಎರಡನೆಯ ದಿನ ಮುಳ್ಳು ಹೊಕ್ಕ ಜಾಗ ಗಟ್ಟಿಯಾಗಿತ್ತು. ಸೊಸೆ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದಳು. ಬೆಲ್ಲ, ಸುಣ್ಣ, ಅರಿಷಿಣ ಕೂಡಿಸಿ ನಾದಿ ಹಚ್ಚಿದರೆ ಒಳಗಿನ ಮುಳ್ಳು ಒಂದೇ ರಾತ್ರಿಯಲ್ಲಿ ಮೇಲೆ ಬರುತ್ತದೆ ಅಂತ. ಹಚ್ಚಿ, ಹಳೆಯ ಧೋತರದ ಅರಿವೆಯಿಂದ ಕಟ್ಟಿದಳು.

ಮೂರನೆಯ ದಿನ ಗುರುವಾರ, ನಮ್ಮಲ್ಲಿ ಲಸಿಕೆಯ ದಿನ. ಹದಿನಾರು ಕೂಸುಗಳು, ಅವುಗಳ ತಾಯಂದಿರು, ಅಳು. ಆ ಗದ್ದಲದ ನಡುವೆ ಕಾಕಾ ಬಂದು ಬಾಗಿಲಲ್ಲಿ ನಿಂತರು. "ಅಕ್ಕಾರ, ಮುಳ್ಳ ಚುಚ್ಚಿತ್ರಿ, ತಗದೀನಿ. ಸೊಸಿ ಬೆಲ್ಲ ಸುಣ್ಣ ಹಚ್ಚ್ಯಾಳ. ನಂಜಾಗಬಾರದು ಅಂತ ಒಂದ ಇಂಜಕ್ಷನ್ ಮಾಡ್ರಿ." ಮುಳ್ಳಿಗೂ ಇಂಜಕ್ಷನ್ ಬೇಕು ಎಂದು ತಾವಾಗಿಯೇ ಬಂದವರು ಕಡಿಮೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಧನುರ್ವಾಯು ಬರುತ್ತದೆ ಎಂದೇ ಬಹಳ ಜನ ನಂಬಿದ್ದಾರೆ. ಆ ರೋಗಾಣು ಇರುವುದು ತುಕ್ಕಿನಲ್ಲಲ್ಲ, ಮಣ್ಣಿನಲ್ಲಿ, ದನದ ಸಗಣಿಯಲ್ಲಿ. ಅದು ಬೆಳೆಯುವುದು ಗಾಳಿ ಆಡದ ಜಾಗದಲ್ಲಿ. ಸಣ್ಣ ಬಾಯಿ, ಆಳವಾದ ತೂತು ಇರುವ ಮುಳ್ಳಿನ ಗಾಯ ಅದಕ್ಕೆ ಹೇಳಿ ಮಾಡಿಸಿದ ಮನೆ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 21 ದಿನ ಹಿಡಿಯುತ್ತದೆ, ಅಷ್ಟರಲ್ಲಿ ಗಾಯವೇ ಮರೆತುಹೋಗಿರುತ್ತದೆ. ಮಣ್ಣು ಹತ್ತಿದ ಗಾಯವಾದರೆ, ಹಿಂದಿನ ಡೋಸ್ ತೆಗೆದುಕೊಂಡು ಐದು ವರ್ಷ ಮೀರಿದ್ದರೆ ಮತ್ತೆ ಕೊಡಬೇಕು. ಕಾಕಾಗೆ ಹಿಂದೆ ಯಾವಾಗ ತೆಗೆದುಕೊಂಡದ್ದು ಎಂಬ ನೆನಪೇ ಇರಲಿಲ್ಲ. ಧನುರ್ವಾಯು, ಗಂಟಲಮಾರಿ ಎರಡನ್ನೂ ತಡೆಯುವ ಟಿ.ಡಿ. ಲಸಿಕೆ ಕೊಟ್ಟೆ, ತಿಂಗಳಿಗೆ ಇನ್ನೊಂದು ಬರೆದೆ.

ಅದೊಂದು ಸರಿ ಮಾಡಿದೆ. ಉಳಿದದ್ದರಲ್ಲಿ ಎಡವಿದೆ. ಅರಿವೆ ಬಿಚ್ಚಿದಾಗ ಹಳದಿ ಬೆಳ್ಳಗಿನ ಪೊರೆ ಕಾಲಿಗೆ ಹತ್ತಿಕೊಂಡು ಒಣಗಿತ್ತು. ಹತ್ತಿಯಿಂದ ಮೇಲೆ ಮೇಲೆ ಒರೆಸಿದೆ, ಪೂರ್ತಿ ತೊಳೆಯಲಿಲ್ಲ. ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿದೆ. "ನೋಯ್ತತೇನ್ರಿ ಕಾಕಾ?" ಅಂದೆ. "ಏನೂ ಇಲ್ರಿ" ಅಂದರು. ನೋವಾದರೆ ಬನ್ನಿ ಎಂದು ಕಳಿಸಿದೆ. ಎಲ್ಲ ಸೇರಿ ನಾಲ್ಕು ನಿಮಿಷ. ಕಿತ್ತ ಮುಳ್ಳು ಇಡಿಯಾಗಿ ಬಂದಿತ್ತೇ ಎಂದು ಕೇಳಲಿಲ್ಲ. ಮೇಜಿನ ಮೇಲೆಯೇ ಇದ್ದ ಗ್ಲುಕೋಮೀಟರನ್ನು ಕೈಗೆತ್ತಿಕೊಳ್ಳಲಿಲ್ಲ. ನೋವಾದರೆ ಬನ್ನಿ ಎಂದೆನಲ್ಲ, ಆ ಮಾತೇ ಅವರನ್ನು ಒಂದು ವಾರ ಮನೆಯಲ್ಲಿ ಇಟ್ಟಿತು. ನೋವು ಬರುವಂತಿದ್ದರೆ ತಾನೇ ಅವರು ಬರುವುದು.

ನಾಲ್ಕರಿಂದ ಒಂಬತ್ತನೆಯ ದಿನದವರೆಗೆ ಕಾಕಾ ಉಳ್ಳಾಗಡ್ಡಿ ಕೀಳುವ ಕೆಲಸದಲ್ಲಿದ್ದರು. ನಾನು ಕಟ್ಟಿದ ಪಟ್ಟಿ ಎರಡೇ ದಿನಕ್ಕೆ ಬಿಚ್ಚಿಹೋಯಿತು. ಸೊಸೆ ದಿನಾ ರಾತ್ರಿ ಹಳೆಯ ಲೇಪದ ಮೇಲೆ ಹೊಸ ಲೇಪ ಹಚ್ಚಿದಳು. ಒಂಬತ್ತನೆಯ ದಿನ ಪಾದ ಊದಿ ಚಪ್ಪಲಿ ಹಿಡಿಯದಾದಾಗ, ಕೀವು ಒಡೆಯಲಿ ಎಂದು ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿಯನ್ನು ಬಿಸಿಬಿಸಿಯಾಗಿ ಜಜ್ಜಿ ಕಟ್ಟಿದರು. ಕಾಕಾ ಹಾಯಾಗಿ ನಿದ್ದೆ ಹೋದರಂತೆ. ಬೆಳಗ್ಗೆ ನೋಡಿದರೆ ಬೆರಳುಗಳ ಬುಡಕ್ಕೆ ಎರಡು ದೊಡ್ಡ ನೀರುಗುಳ್ಳೆ ಎದ್ದಿದ್ದವು.

ಹತ್ತನೆಯ ದಿನ, ನೀಲವ್ವಾಯಿಯ ದಬ್ಬಣ

ನನಗೆ ಸುದ್ದಿ ಕೊಟ್ಟದ್ದು ಆಶಾ ಕಾರ್ಯಕರ್ತೆ. ಬೇರೆ ಕೆಲಸಕ್ಕೆ ಅವರ ಮನೆಗೆ ಹೋದವಳಿಗೆ ಪಡಸಾಲೆಯಲ್ಲಿ ವಾಸನೆ ಹತ್ತಿತ್ತು. "ಅಕ್ಕಾ, ಅದು ಬೆಲ್ಲದ ವಾಸನಿ ಅಲ್ಲ, ಲಗೂ ಬಾ" ಎಂದು ಫೋನು ಮಾಡಿದಳು. ಹತ್ತೂವರೆಗೆ ನಾನು ಅಲ್ಲಿದ್ದೆ.

ಬೆಚ್ಚಗಿನ ನೀರು, ಸಾಬೂನು ತೆಗೆದುಕೊಂಡು ಕಾಲು ಗಂಟೆ ತೊಳೆದೆ. ಬೆಲ್ಲ ಕರಗಿತು, ಸುಣ್ಣ ಪದರು ಪದರಾಗಿ ಬಿಟ್ಟಿತು. ಅರಿಷಿಣದ ಬಣ್ಣ ಮಾತ್ರ ಹೋಗಲಿಲ್ಲ. ಅಲ್ಲಿ ನನಗೆ ಮೊದಲ ಸಲ ತಿಳಿದದ್ದು ಇದು: ಚರ್ಮದ ಸೋಂಕು ಹರಡುವುದನ್ನು ನಾವು ಕೆಂಪು ನೋಡಿ ಹೇಳುತ್ತೇವೆ, ಪುಸ್ತಕದಲ್ಲಿ ಹಾಗೇ ಇದೆ. ನಮ್ಮ ಜನರ ಬಿಸಿಲಿಗೆ ಬೆಂದ ಕಂದು ಚರ್ಮದಲ್ಲಿ ಕೆಂಪು ಮೊದಲೇ ಕಾಣುವುದು ಕಷ್ಟ. ಅದರ ಮೇಲೆ ಎಂಟು ದಿನದ ಅರಿಷಿಣ ಕೂತರೆ ಯಾವ ವೈದ್ಯರ ಕಣ್ಣಿಗೂ ಏನೂ ಕಾಣದು. ಬಣ್ಣ ಬಿಟ್ಟು ಕೈಯನ್ನು ನಂಬಿದೆ. ಅಂಗೈಯ ಹಿಂಭಾಗವನ್ನು ಎಡಪಾದಕ್ಕೊಮ್ಮೆ ಬಲಪಾದಕ್ಕೊಮ್ಮೆ ಇಟ್ಟು ನೋಡಿದೆ. ಬಲಪಾದದ ಕಾವು ಬೆರಳಿನ ಬುಡದಿಂದ ಹೊರಟು ಹಿಮ್ಮಡಿಯ ಗಂಟಿನ ಹತ್ತಿರದವರೆಗೆ ಇತ್ತು. ತೊಡೆಯ ಸಂದಿನಲ್ಲಿ ಕಡಲೆಗಿಂತ ದೊಡ್ಡ ಗಂಟು ಕೈಗೆ ಸಿಕ್ಕಿತು. ಜ್ವರ 100.4 ಡಿಗ್ರಿ. ಕಾವು ಮುಗಿಯುವ ಜಾಗದಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದೆ.

ನೀಲವ್ವಾಯಿ ಅಷ್ಟೂ ಹೊತ್ತು ಕಂಬಕ್ಕೆ ಒರಗಿ ಕೂತಿದ್ದರು. ಎಂಬತ್ತರ ಹತ್ತಿರದ ಜೀವ. ಕಣ್ಣು ಮಂಜಾಗಿ ಎರಡು ವರ್ಷದಿಂದ ಅವರಿಗೆ ಯಾರೂ ಮುಳ್ಳು ತೋರಿಸಿರಲಿಲ್ಲ. ಹಿಂದೆ ಓಣಿಯ ಮುಳ್ಳೆಲ್ಲ ಅವರೇ ತೆಗೆಯುತ್ತಿದ್ದರಂತೆ. ಅವರು ಮಗನನ್ನು ಒಂದೇ ಮಾತು ಕೇಳಿದರು.

"ಏ ಬಸ್ಯಾ, ಆ ಮುಳ್ಳಿನ ಮೊನಿ ಬಂದಿತ್ತೇನ?"

ಕಾಕಾ ತಲೆ ಕೆರೆದುಕೊಂಡರು. "ಯಾರ ನೋಡ್ಯಾರಬೇ, ಒಗದ್ಯ ಅಲ್ಲೇ."

"ನೋಡದ ಒಗದಿ?" ಆಯಿಯ ದನಿಯಲ್ಲಿದ್ದದ್ದು ಸಿಟ್ಟಲ್ಲ, ಬೇಸರ. ಮೊಮ್ಮಗನನ್ನು ಕಳಿಸಿ ಬಣವಿಯ ಬೇಲಿಯಿಂದ ಎರಡು ಜಾಲಿ ಮುಳ್ಳು ತರಿಸಿದರು. ಒಂದರ ಮೊನೆಯನ್ನು ಮುರಿದು, ಎರಡನ್ನೂ ಮಗನ ಅಂಗೈಯಲ್ಲಿ ಇಟ್ಟು, "ಹ್ಯಾಂಗಿತ್ತು ನಿಂದು?" ಎಂದು ಕೇಳಿದರು. ಆಮೇಲೆ ನನಗೆ ತೋರಿಸಿದರು. ಇಡೀ ಮುಳ್ಳನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದರೆ ಕೂದಲೆಳೆಯಂಥ ಗೆರೆ ಬೀಳುತ್ತದೆ. ಮೊನೆ ಮುರಿದದ್ದು ಜಾರುತ್ತದೆ, ಗೆರೆ ಬೀಳುವುದಿಲ್ಲ. ಕಣ್ಣು ಕಾಣದಿದ್ದರೂ ಉಗುರಿಗೆ ಗೊತ್ತಾಗುತ್ತದೆ. ಅವರ ಗಂಡ ಕುರಿ ಕಾಯುವಾಗ ಉಡದಾರಕ್ಕೆ ಚಿಮಟಿಗಿ ಕಟ್ಟಿಕೊಂಡಿರುತ್ತಿದ್ದರಂತೆ. ಮುಳ್ಳು ಕಿತ್ತ ಮೇಲೆ ಉಗುರಿನ ಮೇಲೆ ಎಳೆದು ನೋಡದೆ ಯಾವತ್ತೂ ಎದ್ದವರಲ್ಲ. ಕಾಕಾ ಬಹಳ ಹೊತ್ತು ನೋಡಿ, ಮೊಂಡು ಮುಳ್ಳನ್ನು ಮುಟ್ಟಿ, "ಇದರಾಂಗ ಇತ್ತು ಅನಸ್ತೈತಿ" ಅಂದರು.

ಅಷ್ಟಕ್ಕೇ ಆಯಿ ಬಿಡಲಿಲ್ಲ. ಚೀಲ ಹೊಲಿಯುವ ದಬ್ಬಣ ತರಿಸಿ, ಅದರ ಕಣ್ಣಿರುವ ಮೊಂಡು ತುದಿಯನ್ನು ಗಾಯದ ಸುತ್ತ ಒಂದೊಂದೇ ಕಡೆ ಒತ್ತುತ್ತ ಬಂದರು. ಒಳಗೆ ಮುಳ್ಳಿದ್ದರೆ ಅದರ ನೆತ್ತಿಗೆ ಒತ್ತಿದಾಗ ಮನುಷ್ಯ ಕಾಲು ಎಳೆದುಕೊಳ್ಳುತ್ತಾನೆ, ಅಲ್ಲೇ ಬಿಡಿಸಬೇಕು. ಅದು ಅವರ ಲೆಕ್ಕ. ಒಂದು ಸುತ್ತು ಒತ್ತಿದರು. ಕಾಕಾ ಮೊಮ್ಮಗನ ಜೊತೆ ಮಾತಾಡುತ್ತಲೇ ಇದ್ದರು. ಇನ್ನೊಂದು ಸುತ್ತು, ಜೋರಾಗಿ. ಆಯಿಯ ಕೈ ನಿಂತಿತು. ನನ್ನ ಕಡೆ ತಿರುಗಿ ಹೇಳಿದರು: "ಯವ್ವಾ, ಇವಂಗ ಒತ್ತಿದ್ದ ಗೊತ್ತಾಗವಲ್ದು."

ಈ ಪ್ರಕರಣದ ತಿರುವು ಆ ಮಾತಿನಲ್ಲಿದೆ. ಮುಳ್ಳು ನೆಟ್ಟಾಗ ಹೆಚ್ಚು ನೋಯಲಿಲ್ಲ, ಮೂರನೆಯ ದಿನ ಏನೂ ಇಲ್ಲ ಅಂದರು, ಬಿಸಿ ಉಳ್ಳಾಗಡ್ಡಿ ಕಟ್ಟಿದಾಗ ನಿದ್ದೆ ಹೋದರು. ಮೂರೂ ಒಂದೇ ಸಲ ನನ್ನ ಕಣ್ಣ ಮುಂದೆ ಬಂದವು. ಚೀಲದಿಂದ ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿದೆ. 312 ತೋರಿಸಿತು. ಬಹಳ ವರ್ಷ ಏರಿದ ಸಕ್ಕರೆ ಕಾಲಿನ ಸಣ್ಣ ನರಗಳನ್ನು ಮಂಕು ಮಾಡುತ್ತದೆ, ಗಾಯ ಆರುವುದನ್ನೂ ತಡೆಯುತ್ತದೆ. ಕಾಯಿಲೆ ಇರುವುದೇ ಅವರಿಗೆ ಗೊತ್ತಿರಲಿಲ್ಲ. ಸೋಂಕು ಬಂದಿದೆ ಎಂದು ಹೇಳಬೇಕಾದವು ಎರಡು, ನೋವು ಮತ್ತು ಬಣ್ಣ. ನೋವನ್ನು ಸಕ್ಕರೆ ಕಾಯಿಲೆ ಮುಚ್ಚಿತ್ತು, ಬಣ್ಣವನ್ನು ಅರಿಷಿಣ ಮುಚ್ಚಿತ್ತು. ಮೂರನೆಯ ದಿನ ನಾನು ಕಟ್ಟಿದ ಬಿಳಿ ಪಟ್ಟಿಯೂ ಮಾಡಿದ್ದು ಮುಚ್ಚುವ ಕೆಲಸವನ್ನೇ.

ಕಳಿಸುವುದೋ ಕಾಯುವುದೋ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನು ಮಾಡಿದೆ. ಇವತ್ತೇ ಜಿಲ್ಲಾ ಆಸ್ಪತ್ರೆಗೆ ಎಂದರು, ನನ್ನ ಅಭಿಪ್ರಾಯವೂ ಅದೇ. ಮನೆಯವರು ತಯಾರಿರಲಿಲ್ಲ. ಕಿತ್ತ ಉಳ್ಳಾಗಡ್ಡಿ ಕಣದಲ್ಲಿ ಬಿದ್ದಿತ್ತು, ಮರುದಿನ ಮಾರುಕಟ್ಟೆಗೆ ಹೋಗಬೇಕು. ಕಾಕಾರ ಮಗ, "ಎರಡ ದಿನ ನೋಡೂಣ್ರಿ ಅಕ್ಕಾರ, ಹಣ್ಣಾದ್ರ ತಾನ ಒಡೀತೈತಿ" ಅಂದ. ಕಾಕಾಗಂತೂ ಬೇನೆಯೇ ಇಲ್ಲದ ಕಾಲಿಗೆ ಆಸ್ಪತ್ರೆ ಯಾಕೆ ಎಂಬ ಪ್ರಶ್ನೆ.

ಹಣ್ಣಾಗಲಿ ಎಂಬುದು ಬರೀ ಹಳ್ಳಿಯ ಮಾತಲ್ಲ. ಸುಶ್ರುತ ಸಂಹಿತೆ ಬಾವನ್ನು ಆಮ, ಪಚ್ಯಮಾನ, ಪಕ್ವ ಎಂದು ಮೂರು ಹಂತ ಮಾಡುತ್ತದೆ. ಕಾಯಾಗಿದ್ದಾಗಲೇ ಕೊಯ್ಯುವವನನ್ನೂ ಹಣ್ಣಾದದ್ದನ್ನು ನೋಡಿಯೂ ಸುಮ್ಮನಿರುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯುತ್ತದೆ. ಒಳಗೆ ಉಳಿದ ಮುಳ್ಳು, ಬಾಣದ ತುಂಡಿಗೆ ಅಲ್ಲಿ ಶಲ್ಯ ಎಂದು ಹೆಸರು. ಶಸ್ತ್ರವೈದ್ಯಕ್ಕೆ ಶಲ್ಯತಂತ್ರ ಎಂಬ ಹೆಸರು ಬಂದದ್ದೇ ಅದರಿಂದ. ಹಾಗಾಗಿ ಮಗನ ಮಾತಿನಲ್ಲಿ ಬುದ್ಧಿ ಇರಲಿಲ್ಲ ಎನ್ನಲಾರೆ. ಆದರೆ ಯಾವುದು ಹಣ್ಣಾಗುವ ಬಾವು, ಯಾವುದು ಅಲ್ಲ ಎಂದು ಬಿಡಿಸಿ ಹೇಳುವವರು ಬೇಕಾಗಿತ್ತು. ನನ್ನ ಬಾಯಲ್ಲಿ ಬರುತ್ತಿದ್ದದ್ದು ಪುಸ್ತಕದ ಪದಗಳು.

ಸಂಜೆ ನಾಲ್ಕಕ್ಕೆ ಮತ್ತೆ ಹೋದೆ. ಮಧ್ಯಾಹ್ನದ ಆ ಐದು ತಾಸು ನಾನು ಪಟ್ಟ ಸಂಕಟ ಇಲ್ಲಿ ಬರೆಯಲಾರೆ. ಕೈಯಿಟ್ಟು ನೋಡಿದರೆ ಕಾವು ಬಾಲ್‌ಪೆನ್ ಗೆರೆಯನ್ನು ಎರಡು ಬೆರಳು ದಾಟಿತ್ತು. ನೀಲವ್ವಾಯಿಯ ಕೈ ಹಿಡಿದು ಮೊದಲು ಗೆರೆಯ ಮೇಲೆ ಇರಿಸಿದೆ, ಆಮೇಲೆ ಹೊಸ ಅಂಚಿನ ಮೇಲೆ. ಅವರು ಒಂದು ಕ್ಷಣ ಸುಮ್ಮನಿದ್ದು ಮೊಮ್ಮಗನಿಗೆ ಹೇಳಿದರು: "ಕುರ ಇದ್ರ ಒಂದ ಕಡಿ ಕುಂತು ಹಣ್ಣಾಗತೈತಿ. ಇದು ಕುಂತಿಲ್ಲೋ ತಮ್ಮಾ, ನಡ್ಯಾಕ ಹತ್ತೈತಿ. ಗಾಡಿ ತರಸು."

ನನ್ನ ಹತ್ತು ಮಾತು ಮಾಡದ್ದನ್ನು ಆ ಒಂದು ಮಾತು ಮಾಡಿತು. ಆರೂವರೆಗೆ 108 ಬಂತು. ಆ ಅಜ್ಜಿಯನ್ನು ಬೆಳಗ್ಗೆಯೇ ಕೂರಿಸಿಕೊಂಡು ಮಾತಾಡಿದ್ದರೆ ಐದು ತಾಸು ಉಳಿಯುತ್ತಿತ್ತು ಎಂದು ಈಗ ಅನಿಸುತ್ತದೆ. ಮನೆಯಲ್ಲಿ ನಿರ್ಧಾರ ಯಾರದು ಎಂದು ತಿಳಿಯದೆ ನಾನು ಮಗನ ಜೊತೆಗೇ ವಾದ ಮಾಡುತ್ತಿದ್ದೆ.

ಆಸ್ಪತ್ರೆಯಲ್ಲಿ

ಎಕ್ಸ್‌ರೇಯಲ್ಲಿ ಎಲುಬಿಗೆ ಏನೂ ಆಗಿಲ್ಲ ಎಂದು ಬಂತು, ಮುಳ್ಳೂ ಕಾಣಲಿಲ್ಲ. ಕಟ್ಟಿಗೆ, ಮುಳ್ಳು ಸಾಮಾನ್ಯವಾಗಿ ಎಕ್ಸ್‌ರೇಗೆ ಸಿಗುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಎಂದಲ್ಲ. ಆಯಿ ಮೊಂಡು ಮುಳ್ಳಿನ ಬಗ್ಗೆ ಹೇಳಿದ್ದನ್ನು ನಾನು ಕಳಿಸುವ ಚೀಟಿಯಲ್ಲೇ ಬರೆದಿದ್ದೆ. ಅದನ್ನು ಓದಿದ ವೈದ್ಯರು ಸ್ಕ್ಯಾನ್ ಮಾಡಿಸಿದರು. ಹೆಬ್ಬೆರಳಿನ ಕೀಲಿಗೆ ಹತ್ತಿರದಲ್ಲೇ ಸಣ್ಣ ಗೆರೆಯೊಂದು, ಅದರ ಸುತ್ತ ಕೀವು. ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು ಬಿಡಿಸಿದರು. 7 ಮಿಲಿಮೀಟರ್ ಉದ್ದದ ಕಪ್ಪಾದ ಮೊನೆ. ಅದು ಕೀಲಿನೊಳಗೆ ಹೋಗಿದ್ದರೆ ತಿಂಗಳುಗಟ್ಟಲೆ ಬಿಡದ ಬಾವಾಗುತ್ತಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್, ಇನ್ಸುಲಿನ್, ದಿನಾ ಡ್ರೆಸ್ಸಿಂಗ್. ಸಂಕ್ರಾಂತಿ ಆಸ್ಪತ್ರೆಯಲ್ಲೇ ಆಯಿತು. ಹದಿನೇಳನೆಯ ದಿನ ಮನೆಗೆ ಬಂದರು. ಬೆರಳು ಉಳಿಯಿತು. ಬಿಸಿ ಉಳ್ಳಾಗಡ್ಡಿಯಿಂದಾದ ಸುಟ್ಟಗಾಯ ಪೂರ್ತಿ ಆರಲು ಏಳು ವಾರ ಹಿಡಿಯಿತು, ಮುಳ್ಳಿನ ಗಾಯಕ್ಕಿಂತ ಹೆಚ್ಚು ದಿನ.

ಲೇಪಗಳ ಬಗ್ಗೆ ನನಗೆ ಅನಿಸಿದ್ದು

ಇದಾದ ಮೇಲೆ ಊರಿನಲ್ಲಿ ಎರಡು ಪಕ್ಷವಾದವು. ಲೇಪದಿಂದಲೇ ಹೀಗಾಯಿತು ಎನ್ನುವವರು, ಲೇಪ ಹಚ್ಚದಿದ್ದರೆ ಇನ್ನೂ ಕೆಡುತ್ತಿತ್ತು ಎನ್ನುವವರು. ಎರಡೂ ನನಗೆ ಒಪ್ಪಿಗೆಯಿಲ್ಲ.

ಲೇಪ ಮುಳ್ಳನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜವಾಗಿ ಅದು ಮಾಡುವುದು ಮೇಲಿನ ಸತ್ತ ಚರ್ಮವನ್ನು ನೆನೆಸಿ ಮೆತ್ತಗೆ ಮಾಡುವ ಕೆಲಸ. ಬೆಲ್ಲ, ಉಪ್ಪು ತಮ್ಮ ಸುತ್ತಲಿನ ನೀರನ್ನು ತಮ್ಮ ಕಡೆ ಸೆಳೆಯುತ್ತವೆ. ಆಸ್ಪತ್ರೆಯಲ್ಲಿ ಬಾವಿಗೆ ಹಚ್ಚುವ ಮ್ಯಾಗ್ನೀಸಿಯಂ ಸಲ್ಫೇಟ್ ಲೇಪದ ಹಿಂದೆಯೂ ಇದೇ ತತ್ವ. ಮುಳ್ಳನ್ನು ನೂಕುವುದು ನಮ್ಮ ದೇಹವೇ, ಸುತ್ತ ಕೀವು ಕಟ್ಟಿ. ಜೋಳದ ದಂಟಿನ ಸಿಬಿರು, ಬಾಗಿಲಿನ ಚೆಕ್ಕೆ ಚರ್ಮದ ಮೇಲ್ಪದರದಲ್ಲಿ ಅಡ್ಡಲಾಗಿ ಮಲಗಿದ್ದರೆ, ಮೆತ್ತಗಾದ ಚರ್ಮದಿಂದ ಅದು ತಾನೇ ಜಾರಿ ಬರುತ್ತದೆ. ಹಾಗೆ ಬಂದದ್ದನ್ನು ನಾನೂ ಕಂಡಿದ್ದೇನೆ. ಅಂಗಾಲಿನ ದಪ್ಪ ಚರ್ಮ ದಾಟಿ ನೇರ ಒಳಗಿಳಿದ ಜಾಲಿಯ ಮೊನೆಯನ್ನು ಯಾವ ಲೇಪವೂ ಮೇಲೆ ತರುವುದಿಲ್ಲ.

ಉಪ್ಪು ಹಾಕಿದ ಬೆಚ್ಚಗಿನ ನೀರಲ್ಲಿ ಕಾಲು ಇಟ್ಟು ಕೂರುವುದನ್ನು ಒಳ್ಳೆಯದೆನ್ನುತ್ತೇನೆ, ಬಿಸಿಯನ್ನು ಮನೆಯ ಬೇರೆಯವರು ಮೊಳಕೈಯಿಂದ ನೋಡಿದ ಮೇಲೆ. ಆದರೆ ಕಟ್ಟಿಗೆಯ ಸಿಬಿರು ಕಣ್ಣಿಗೆ ಕಾಣುತ್ತಿದ್ದರೆ ಮೊದಲು ತೆಗೆದು ಆಮೇಲೆ ನೆನೆಸಬೇಕು. ನೀರು ಕುಡಿದು ಉಬ್ಬಿದರೆ ಅದು ತೆಗೆಯುವಾಗ ತುಂಡಾಗುತ್ತದೆ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಿಂದ ತೊಳೆಯುವುದನ್ನು ಬೇಡ ಎಂದಿಲ್ಲ. ಸುಣ್ಣದ ಬಗ್ಗೆ ಮಾತ್ರ ಈಗ ಕಟ್ಟುನಿಟ್ಟಾಗಿ ಹೇಳುತ್ತೇನೆ: ಅದು ತೀಕ್ಷ್ಣ ಕ್ಷಾರ, ಒಡೆದ ಚರ್ಮದ ಮೇಲೆ ರಾತ್ರಿಯಿಡೀ ಕಟ್ಟಿದರೆ ಸುಡುತ್ತದೆ. ಎಕ್ಕೆಯ ಹಾಲೂ ಚರ್ಮ ಕೊರೆಯುತ್ತದೆ, ಆ ಕೈ ಕಣ್ಣಿಗೆ ಮುಟ್ಟಿದರೆ ಕಣ್ಣಿಗೇ ಕುತ್ತು. ಗಾಯಕ್ಕೆ ಸಗಣಿ, ಮಣ್ಣು ಹಚ್ಚಿದವರನ್ನು ಕಂಡರೆ ನನಗೆ ಈಗಲೂ ಎದೆ ನಡುಗುತ್ತದೆ.

ಅರಿಷಿಣದ ಮೇಲೆ ನನಗೆ ಗೌರವ ಕಡಿಮೆಯಾಗಿಲ್ಲ. ಗಾಯ ಮಾಯಿಸುವ ಅದರ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ಇದು ನಮ್ಮವರಿಗೆ ಹಿಂದಿನಿಂದಲೂ ಗೊತ್ತಿದ್ದದ್ದು ಎಂದು ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ದಾಖಲೆ ಒದಗಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ಆ ತಿಳಿವಳಿಕೆ ನಮ್ಮ ಅಜ್ಜಿಯರದು, ನಿಜ. ಆದರೆ ಅವರು ಅರಿಷಿಣ ಹಚ್ಚಿ ಮರೆತುಬಿಡುತ್ತಿರಲಿಲ್ಲ. ನೀಲವ್ವಾಯಿ ಹೇಳಿದ ಕ್ರಮ ಹೀಗಿತ್ತು: ಮೊದಲು ಮುಳ್ಳಿನ ಮೊನೆ ನೋಡು, ಆಮೇಲೆ ಸುತ್ತ ಒತ್ತಿ ನೋಡು, ರಾತ್ರಿ ಹಚ್ಚಿದ್ದನ್ನು ಬೆಳಗ್ಗೆ ತೊಳೆದು ನೋಡು, ಮೂರು ಬೆಳಗು ನೋಡಿದರೂ ಇಳಿಯದಿದ್ದರೆ ಬೇರೆಯವರಿಗೆ ತೋರಿಸು. ಲೇಪ ಅದರ ನಡುವೆ ಬರುವ ಒಂದು ಕೆಲಸ ಅಷ್ಟೆ. ಸೊಸೆಗೆ ಫೋನಿನಿಂದ ಸಿಕ್ಕದ್ದು ಲೇಪ ಮಾತ್ರ. ಅದೇ ಮನೆಯಲ್ಲಿ ಹತ್ತು ಹೆಜ್ಜೆ ಆಚೆ ಕೂತಿದ್ದ ಅತ್ತೆಯ ಅತ್ತೆಯನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಅವಳನ್ನು ದೂರಲಾರೆ. ನರ್ಸಿಂಗ್ ಓದಿದ ನಾನೂ ಮೂರನೆಯ ದಿನ ಅಯೋಡಿನ್ನಿನ ಲೇಪವನ್ನಷ್ಟೇ ಹಚ್ಚಿ ಕಳಿಸಿದವಳು.

ಈಗ ಮುಳ್ಳು ಚುಚ್ಚಿಸಿಕೊಂಡು ಯಾರು ಬಂದರೂ ಮೊದಲು ಪೂರ್ತಿ ತೊಳೆಯುತ್ತೇನೆ, ಎಷ್ಟೇ ಗದ್ದಲ ಇರಲಿ. ಮುಳ್ಳು ಎಲ್ಲಿ ಎಂದು ಕೇಳುತ್ತೇನೆ. ಮೂವತ್ತು ದಾಟಿದವರಾದರೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತೇನೆ. ನೋವಾದರೆ ಬನ್ನಿ ಎನ್ನುವುದನ್ನು ಬಿಟ್ಟು, ನೋವಿರಲಿ ಬಿಡಲಿ ನಾಡಿದ್ದು ಬನ್ನಿ ಎನ್ನುತ್ತೇನೆ. ಅರಿಷಿಣ ಹಚ್ಚಲೇಬೇಕು ಎನ್ನುವವರಿಗೆ, ಗಾಯದ ಅಂಚಿನಾಚೆ ಹರಡದಂತೆ ಚಿಟಿಕೆಯಷ್ಟೇ ಹಚ್ಚಿ, ಬೆಳಗ್ಗೆ ತೊಳೆಯಿರಿ ಎನ್ನುತ್ತೇನೆ. ಕಾವು ಏರುತ್ತಿದ್ದರೆ, ಗಾಯದಿಂದ ಮೇಲಕ್ಕೆ ಗೆರೆಯಂತೆ ಬಾವು ಓಡುತ್ತಿದ್ದರೆ, ಜ್ವರ ಬಂದರೆ, ಸಂದಿನಲ್ಲಿ ಗಂಟು ಕಟ್ಟಿದರೆ ಒಂದು ರಾತ್ರಿಯೂ ಕಾಯಬಾರದು. ಇದನ್ನು ಓಣಿಯಲ್ಲಿ ಹೇಳುವಾಗ ನಾನು ನೀಲವ್ವಾಯಿಯ ಮಾತನ್ನೇ ಬಳಸುತ್ತೇನೆ: ಕುಂತದ್ದೋ, ನಡೆಯುತ್ತಿರುವುದೋ? ಹೆಂಗಸರಿಗೆ ಥಟ್ಟನೆ ತಿಳಿಯುತ್ತದೆ.

ಈಗ

ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಿ ಕಾಕಾದ್ದು 11.2 ಇತ್ತು, ಮಾತ್ರೆ ಶುರುವಾದ ಮೇಲೆ 7.4ಕ್ಕೆ ಇಳಿದಿದೆ. ಟಿ.ಡಿ.ಯ ಎರಡನೆಯ ಡೋಸೂ ಆಗಿದೆ. ಪಾದದ ಸ್ಪರ್ಶ ಮಾತ್ರ ಹೋದದ್ದು ಹೋಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ನೈಲಾನ್ ಎಳೆಯಿಂದ ಹತ್ತು ಕಡೆ ಮುಟ್ಟಿ ನೋಡಿದಾಗ ಆರು ಕಡೆ ಅವರಿಗೆ ಗೊತ್ತಾಗಲಿಲ್ಲ. ಹೋದ ತಿಂಗಳು ನೋಡಿದಾಗಲೂ ಅಷ್ಟೇ.

ಹಾಗಾಗಿ ನೋಡುವ ಕೆಲಸವನ್ನು ಸೊಸೆ ವಹಿಸಿಕೊಂಡಿದ್ದಾಳೆ. ರಾತ್ರಿ ಊಟವಾದ ಮೇಲೆ ಮಾವನನ್ನು ಕಟ್ಟೆಯ ಮೇಲೆ ಕೂರಿಸಿ, ಎರಡೂ ಕಾಲು ತೊಳೆದು ಒರೆಸಿ, ಫೋನಿನ ಬ್ಯಾಟರಿ ಬೆಳಕು ಬಿಟ್ಟು ಅಂಗಾಲು, ಬೆರಳ ಸಂದು ಒಂದೊಂದೇ ನೋಡುತ್ತಾಳೆ. ನೀಲವ್ವಾಯಿ ಪಕ್ಕದಲ್ಲಿ ಕೂತು, "ಎಡಗಾಲ ಕಿರಿಬೆರಳ ಬುಡಕ ನೋಡಿದೇನ?" ಎಂದು ಕೇಳುತ್ತಿರುತ್ತಾರೆ.